ಹುಳಿ ಹಿಂಡಿದ ಕೇಕು

ಕತ್ತರಿ ಅಜ್ಜಿಗೆ ಆ ಹೆಸರು ಬಂದದ್ದು ಹೊಲಿಗೆ ಅಂಗಡಿಯಿಂದಲೋ ನಾಲಿಗೆಯಿಂದಲೋ ಎಂಬ ಬಗ್ಗೆ ಬೀದಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಅಂಗಡಿ ಎಂದರೆ ಅವಳ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆಯುವ ಬಾಗಿಲು, ಕಾಲಲ್ಲಿ ತುಳಿಯುವ ಹಳೆಯ ಮಷೀನು, ಗೋಡೆಯ ಮೊಳೆಗೆ ನೇತುಬಿದ್ದ ಅರ್ಧ ಹೊಲಿದ ಅಂಗಿಗಳು. ಅಳತೆ ಕೊಡಲು ಬಂದವರ ಸೊಂಟಕ್ಕೆ ಟೇಪು ಸುತ್ತುತ್ತಲೇ ಅವರ ಸಂಸಾರದ ಸುತ್ತಳತೆಯನ್ನೂ ಅವಳು ತೆಗೆದುಬಿಡುತ್ತಿದ್ದಳು. "ಈ ಸಲ ಎರಡಿಂಚು ಜಾಸ್ತಿ ಬಿಡ್ತೀನಿ. ಅಡುಗೆಗೆ ಆಳು ಇಟ್ಟಿದ್ದೀರಂತಲ್ಲ" ಎನ್ನುವಳು. ಅನ್ನಿಸಿಕೊಂಡವರು ಮುಖ ಊದಿಸಿಕೊಂಡು ಹೋಗಿ, ಮುಂದಿನ ತಿಂಗಳು ಮತ್ತೆ ಬಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಹೊಲಿಗೆ ಅಷ್ಟು ಚೆನ್ನಾಗಿತ್ತು.

ಜಗತ್ತಿನಲ್ಲಿ ಅಜ್ಜಿ ಮೂಗು ಮುರಿಯದ ಸಂಗತಿಗಳು ಎರಡೇ. ಒಂದು ಅವಳ ಕತ್ತರಿ, ಇನ್ನೊಂದು ಅವಳ ಮೊಮ್ಮಕ್ಕಳು. ಕತ್ತರಿಯನ್ನು ಯಾರೂ ಕೇಳಿರಲಿಲ್ಲ. ಮೊಮ್ಮಕ್ಕಳನ್ನು ಕೇಳಿದ್ದರು.

ಕೇಳಿದವಳು ಅಳಿಯನ ಅಕ್ಕ, ಮಕ್ಕಳಿಗೆ ಸೋದರತ್ತೆ. ಅಜ್ಜಿಯ ಮಗಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಳಿಯ ಎಲ್ಲೋ ದೂರದಲ್ಲಿ ಅಣೆಕಟ್ಟು ಕಟ್ಟಿಸುತ್ತಿದ್ದ, ತಿಂಗಳಿಗೊಮ್ಮೆ ಬಂದು ಬಟ್ಟೆ ಒಗೆಸಿಕೊಂಡು ಹೋಗುತ್ತಿದ್ದ. ಬರುವ ತಿಂಗಳಿನಿಂದ ಮಗಳಿಗೆ ಬೆಳಗಿನ ಜಾವದ ಪಾಳಿ. ಮಕ್ಕಳ ಶಾಲೆ ಊರಿನ ಆಚೆ ತುದಿಯಲ್ಲಿ, ಅತ್ತೆಯ ಮನೆ ಶಾಲೆಯ ಬೆನ್ನಿಗೇ. "ಸೋಮವಾರದಿಂದ ಶುಕ್ರವಾರದವರೆಗೆ ಮಕ್ಕಳು ನನ್ನ ಹತ್ರ ಇರಲಿ" ಎಂದು ಅತ್ತೆ ಹೇಳಿಕಳಿಸಿದ್ದಳು. ಮಗಳು ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

"ಭಾನುವಾರ ಅತ್ತಿಗೆ ಬರ್ತಾರೆ, ಕೂತು ಮಾತಾಡೋಣ" ಎಂದಳು. ಆಮೇಲೆ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಇನ್ನೊಂದು ಮಾತು ಸೇರಿಸಿದಳು. "ಅಲ್ಲಿ ಮಕ್ಕಳ ಜೊತೆ ಕೂತು ಏನೇನೋ ಮಾಡಿಸ್ತಾರಮ್ಮ. ಇಲ್ಲಿ ನೀನು ಮಷೀನ್ ಮುಂದೆ, ಅವು ಟೀವಿ ಮುಂದೆ."

ಏನೇನೋ ಎಂದರೆ ಕೇಕು. ಒಂದು ಶನಿವಾರ ಬಿಟ್ಟು ಒಂದು ಶನಿವಾರ ಮಕ್ಕಳು ಅತ್ತೆಯ ಮನೆಗೆ ಹೋಗುತ್ತಿದ್ದವು. ಸಂಜೆಯೊಳಗೆ ಮಗಳ ಫೋನಿಗೆ ಫೋಟೋಗಳು ಬಂದು ಬೀಳುತ್ತಿದ್ದವು. ಬೀರುವಿನಷ್ಟು ದೊಡ್ಡ ಓವನ್ನಿನ ಮುಂದೆ ಏಪ್ರನ್ ಕಟ್ಟಿಕೊಂಡ ಎರಡು ಮಕ್ಕಳು, ಇಬ್ಬರ ಮೂಗಿನ ತುದಿಗೂ ಚೂರು ಹಿಟ್ಟು, ನಡುವೆ ಕೆನೆ ಸವರಿದ ಕೇಕು. ಕೆಳಗೆ ಒಂದು ಸಾಲು ಬರಹ: ಪುಟ್ಟ ಕೈಗಳು, ನೆನಪಿನ ಪರಿಮಳ.

"ನೆನಪಿಗೆ ಪರಿಮಳ ಬರೋದು ಹಳಸಿದಾಗ" ಎಂದಳು ಅಜ್ಜಿ, ಕನ್ನಡಕ ಏರಿಸಿ ಫೋಟೋ ನೋಡಿ. "ಹಿಟ್ಟು ನೋಡು, ಅಳತೆ ಹಿಡಿದು ಇಟ್ಟ ಹಾಗೆ ಮೂಗಿನ ತುದಿಗೇ ಹೋಗಿ ಕೂತಿದೆ. ನಿಜವಾಗಿ ಕಲಸೋರಿಗೆ ಮೊಣಕೈಗೆ ಹತ್ತುತ್ತೆ."

ಅಂದಿನಿಂದ ಅತ್ತೆಗೆ ಈ ಮನೆಯಲ್ಲಿ ಫೋಟೋದಮ್ಮ ಎಂದು ಹೆಸರಾಯಿತು. ಎದುರಿಗೆ ಬಂದಾಗ ಮಾತ್ರ ಅಜ್ಜಿ ಬಾಯಿತುಂಬ "ಬನ್ನಿ, ನೀವು ಬಂದಿದ್ದು ತುಂಬಾ ಸಂತೋಷ" ಎನ್ನುತ್ತಿದ್ದಳು. ಗಂಡಿನ ಕಡೆಯವರು, ಮರ್ಯಾದೆ ಕೊಡದೆ ವಿಧಿಯಿಲ್ಲ. ಅವಳು ಬೆನ್ನು ತಿರುಗಿಸಿದ ಕೂಡಲೇ ನೀವು ಹೋಗಿ ಅವಳು ಬರುತ್ತಿತ್ತು. "ಅವಳು ಬಂದಳು ಅಂದ್ರೆ ಮುಗೀತು, ಎಲ್ಲದಕ್ಕೂ ಹುಳಿ ಹಿಂಡಿ ಹೋಗ್ತಾಳೆ" ಎಂಬುದು ಅಜ್ಜಿಯ ಕಾಯಂ ಮಾತು. ಇದನ್ನು ಪಕ್ಕದ ಮನೆಯವಳಿಗೆ ಹೇಳಿದ್ದಳು, ಗುಂಡಿ ಮಾರುವವನಿಗೆ ಹೇಳಿದ್ದಳು, ಯಾರೂ ಸಿಗದ ದಿನ ಮಷೀನಿಗೇ ಹೇಳಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಖಾಲಿ ದಾರದುಂಡೆಗಳನ್ನು ಪೇರಿಸಿ ಆಡುತ್ತಿದ್ದ ಎರಡು ಮಕ್ಕಳಿಗೂ ಕಿವಿಗಳಿವೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಅವಳಿಗೆ ಒಂದೇ ಒಂದು ಸಮಾಧಾನವಿತ್ತು. ಮಕ್ಕಳು ಅತ್ತೆಗೆ ನೀವು ಎನ್ನುತ್ತಿದ್ದವು, ಅಜ್ಜಿಗೆ ನೀನು. ಎಷ್ಟು ಕೆನೆ ಸವರಿದರೂ ನೀನು ಎನ್ನಿಸಿಕೊಳ್ಳಲು ಯೋಗ ಬೇಕು ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು.

ಭಾನುವಾರ ಬಂತು. ಮಗಳು ಆಸ್ಪತ್ರೆಗೆ ಹೋದಳು, ಸಂಜೆ ಬರುವಾಗ ಅತ್ತಿಗೆಯನ್ನು ಕರೆದುಕೊಂಡೇ ಬರುತ್ತೇನೆ ಎಂದಳು. ಊಟವಾದ ಮೇಲೆ ಅಜ್ಜಿ ಅಂಗಡಿಯ ಬಾಗಿಲು ಎಳೆದುಕೊಂಡಳು. ಒಬ್ಬಳ ಅಂಗಿಗೆ ತೋಳು ಕೂರಿಸುವುದಿತ್ತು. ಇವತ್ತು ತೋಳಿಲ್ಲದೆ ಇರಲಿ ಎಂದುಕೊಂಡಳು.

"ಏಳ್ರೋ. ಇವತ್ತು ನಾವು ಕೇಕು ಮಾಡೋದು."

ಮಕ್ಕಳು ಟೀವಿಯಿಂದ ಕಣ್ಣು ಕೀಳಲಿಲ್ಲ. ಏಳು ವರ್ಷದ ಹುಡುಗಿಯನ್ನು ಅಜ್ಜಿ ಲಾಯರಮ್ಮ ಎನ್ನುತ್ತಿದ್ದಳು, ಏಕೆಂದರೆ ಅವಳು ಮಲಗು ಎಂದರೂ ಕಾರಣ ಕೇಳುವವಳು. ನಾಲ್ಕು ವರ್ಷದ ಹುಡುಗ ಗುಂಡ. ಅವನಿಗೆ ಕಾರಣ ಬೇಕಿರಲಿಲ್ಲ, ಕೆಲಸ ಬೇಕಿತ್ತು. ಯಾರು ಏನು ಮಾಡುತ್ತಿದ್ದರೂ ನಡುವೆ ಕೈ ಹಾಕಿ ಸಹಾಯ ಮಾಡುವುದು ಅವನ ಕಸುಬು.

"ನಿನಗೆ ಕೇಕು ಬರುತ್ತಾ ಅಜ್ಜಿ?" ಎಂದಳು ಲಾಯರಮ್ಮ.

"ಅದೇನು ಬ್ರಹ್ಮವಿದ್ಯೆಯೇ? ಹಿಟ್ಟು, ಸಕ್ಕರೆ, ಬೆಣ್ಣೆ. ಆ ಫೋಟೋದಮ್ಮನಿಗೆ ಬರೋದು ನನಗೆ ಬರಲ್ವೇ?"

"ನಮಗೆ ಓವನ್ ಇಲ್ಲ."

"ಕುಕ್ಕರ್ ಇದೆ. ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ. ಕೈಯಲ್ಲಾಗೋರಿಗೆ ಕುಕ್ಕರ್ ಸಾಕು."

ಮಾತು ಜೋರಾಗಿತ್ತು. ತಿಳಿದದ್ದು ಮಾತ್ರ ಅಷ್ಟಕ್ಕಷ್ಟೆ. ಹಿಂದೆಂದೋ ಯಾರೋ ಗಿರಾಕಿ ಹೇಳಿದ ಅಳತೆಯನ್ನು ಅವಳು ನೆನಪಿನಲ್ಲಿಟ್ಟುಕೊಂಡಿದ್ದಳು, ಅದೂ ಅರ್ಧ. ಈ ಕೇಕು ಕೆಟ್ಟರೆ, ಮಕ್ಕಳನ್ನು ಕೂರಿಸಿಕೊಂಡು ಏನೂ ಮಾಡಿಸಲು ಬಾರದ ಮುದುಕಿ ಎಂಬುದು ತಟ್ಟೆಯಲ್ಲಿಟ್ಟು ತೋರಿಸಿದ ಹಾಗಾಗುತ್ತದೆ. ಕೇಕು ಎದ್ದರೆ ಮಗಳ ಬಾಯಿ ಮುಚ್ಚುತ್ತದೆ, ಮಕ್ಕಳು ಇಲ್ಲೇ ಉಳಿಯುತ್ತವೆ. ಒಂದು ಬಟ್ಟಲು ಹಿಟ್ಟಿನ ಮೇಲೆ ಇಷ್ಟು ಭಾರ ಹೊರಿಸಿದರೆ ಅದು ಉಬ್ಬುವುದಾದರೂ ಹೇಗೆ ಎಂದು ಅವಳಿಗೆ ಹೊಳೆಯಲಿಲ್ಲ.

ಮಕ್ಕಳು ತಮ್ಮ ಚೀಲದಿಂದ ಏಪ್ರನ್ ತಂದವು. ಅತ್ತೆ ಕೊಟ್ಟಿದ್ದು, ಹಳದಿ ಬಟ್ಟೆಯದು, ಎದೆಗೆ ಒಂದು ಜೇಬು. ಗುಂಡನಿಗೆ ಕಟ್ಟುವಾಗ ಅಜ್ಜಿಯ ಬೆರಳು ಅಭ್ಯಾಸಬಲದಿಂದ ಅಂಚಿನ ಮೇಲೆ ಓಡಿತು, ಓಡಿ ನಿಂತಿತು.

"ಇದನ್ನ ಯಾವ ಅಂಗಡಿಯೋನು ಹೊಲಿದ? ಈ ಹೊಲಿಗೆ ನಾಯಿಗೂ ಬೇಡ."

ಹೇಳಿದ ಮೇಲೆ ಇನ್ನೊಮ್ಮೆ ನೋಡಿದಳು. ಅಂಗಡಿಯ ಹೊಲಿಗೆಯಲ್ಲ. ಮಷೀನಿನದೂ ಅಲ್ಲ. ಸೂಜಿ ಹಿಡಿದು ಗೊತ್ತಿಲ್ಲದ ಕೈ, ಜೇಬನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ್ದು ಬಟ್ಟೆಯಲ್ಲಿ ಉಳಿದ ತೂತುಗಳಲ್ಲೇ ಕಾಣುತ್ತಿತ್ತು. ನಾಲ್ಕನೆಯ ಸಲವೂ ಜೇಬು ಸೊಟ್ಟಗೇ ಕೂತಿತ್ತು. ವಿಮೆ ಕಚೇರಿಯಲ್ಲಿ ತಿರುಗುವ ಕುರ್ಚಿಯ ಮೇಲೆ ಕೂರುವ ಆ ಫೋಟೋದಮ್ಮ, ಸಂಜೆ ಮನೆಗೆ ಬಂದು ದೀಪದ ಕೆಳಗೆ ಇದನ್ನು ಕುಟ್ಟುತ್ತ ಕೂತಿದ್ದಳೇ? ಅವಳಿಗೆ ಮಕ್ಕಳಿರಲಿಲ್ಲ. ಆ ಸಂಗತಿಯನ್ನು ಅಜ್ಜಿ ತನ್ನ ಮಾತಿನ ನಡುವೆ ಉಪ್ಪಿನಂತೆ ಬಳಸಿದ್ದುಂಟು. ಈಗ ಏಕೋ ಅದು ನೆನಪಾಗಿ ಮನಸ್ಸು ಮುದುಡಿತು. ಅವಳು ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ, ಗುಂಡನನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು.

ಮೊದಲು ಮೊಟ್ಟೆಗಳು ಹೋದವು. ಒಂದನ್ನು ಲಾಯರಮ್ಮ ಬಟ್ಟಲಿನ ಅಂಚಿಗೆ ಹೊಡೆದು ಸಿಪ್ಪೆ ಸಮೇತ ಒಳಗೆ ಬೀಳಿಸಿದಳು. ಉಳಿದವನ್ನು ಗುಂಡ ಅಕ್ಕನಿಗೆ ಕೊಡಲೆಂದು ಏಪ್ರನ್ನಿನ ಆ ಸೊಟ್ಟ ಜೇಬಿಗೆ ಹಾಕಿಕೊಂಡು ಬಗ್ಗಿದ. ನೆಲವೆಲ್ಲ ಹಳದಿಯಾಯಿತು.

"ಒಡೆಯೋದನ್ನ ನಿಮಗೆ ಯಾರಾದ್ರೂ ಕಲಿಸಬೇಕೇ" ಎಂದು ಅಜ್ಜಿ ಹಳೆಯ ಬನೀನಿನ ಚೂರಿನಿಂದ ನೆಲ ಒರೆಸಿದಳು. "ಮೊಟ್ಟೆ ಬೇಡ, ಬಿಡು. ಹಾಲು ಇದೆ, ಬೆಣ್ಣೆ ಇದೆ. ಕಲಸು."

ಸಕ್ಕರೆ ಬೆಣ್ಣೆ ಕಲಸುತ್ತ ಕಲಸುತ್ತ ಲಾಯರಮ್ಮನ ಕೈ ಸೋತಿತು.

"ಅತ್ತೆ ಮನೇಲಿ ಇಷ್ಟು ಹೊತ್ತು ಕಲಸಲ್ಲ ಅಜ್ಜಿ. ಫೋಟೋ ತೆಗೆಯೋವರೆಗೆ ಅಷ್ಟೆ."

"ಆಮೇಲೆ?"

"ಆಮೇಲೆ ಕೈ ತೊಳ್ಕೋತೀವಿ. ಬೆಲ್ ಆಗುತ್ತೆ. ಬೇಕರಿ ಅಣ್ಣ ಡಬ್ಬ ಕೊಟ್ಟು ಹೋಗ್ತಾನೆ."

ಅಜ್ಜಿಯ ಕೈಯಲ್ಲಿದ್ದ ಜರಡಿ ನಿಂತಿತು. "ಯಾವ ಡಬ್ಬ?"

"ಕೇಕಿನ ಡಬ್ಬ. ಅತ್ತೆ ಅದನ್ನ ತಟ್ಟೆಗೆ ಹಾಕ್ತಾರೆ, ಇನ್ನೊಂದು ಫೋಟೋ ತೆಗೀತಾರೆ. ನಾವು ಕಲಸಿದ್ದು ಒಂದ್ಸಲ ಸುಟ್ಟೋಯ್ತು, ಒಂದ್ಸಲ ಮಧ್ಯೆ ಹಸೀ ಇತ್ತು, ಒಂದ್ಸಲ ಕಲ್ಲಾಗೋಯ್ತು. ಅತ್ತೆ ಬಾತ್‌ರೂಮಿಗೆ ಹೋಗಿ ಮುಖ ತೊಳ್ಕೊಂಡು ಬಂದ್ರು. ಯಾರಿಗೂ ಹೇಳ್ಬೇಡಿ ಅಂದ್ರು."

"ನನಗೆ ಹೇಳಿದ್ಯಲ್ಲೇ."

"ನೀನು ಯಾರೋ ಅಲ್ವಲ್ಲ ಅಜ್ಜಿ" ಎಂದಳು ಲಾಯರಮ್ಮ, ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ.

ಅಜ್ಜಿಗೆ ಕೂತಲ್ಲೇ ಕುಣಿಯುವಷ್ಟು ಖುಷಿಯಾಯಿತು. ನೆನಪಿನ ಪರಿಮಳ ಬೇಕರಿಯ ಡಬ್ಬದಲ್ಲಿ ಬರುತ್ತದೆ ಹಾಗಾದರೆ. ಈ ಒಂದು ಮಾತನ್ನು ಸಂಜೆ ಮಗಳ ಮುಂದೆ ಮೆಲ್ಲಗೆ ಇಟ್ಟರೆ ಸಾಕು, ಬೇರೆ ವಾದವೇ ಬೇಡ. ಅವಳು ಆ ಮಾತನ್ನು ಒಳ್ಳೆಯ ಬಟ್ಟೆಯ ಹಾಗೆ ಮನಸ್ಸಿನಲ್ಲಿ ಮಡಚಿಟ್ಟುಕೊಂಡು ಜರಡಿಯನ್ನು ಮತ್ತೆ ಅಲ್ಲಾಡಿಸಿದಳು.

"ಅತ್ತೆ ಇವತ್ತು ಬರ್ತಾಳಾ?" ಎಂದ ಗುಂಡ. ಅವನು ನೀವು, ಅವಳು ಎಂಬ ಲೆಕ್ಕವನ್ನು ಈ ಮನೆಯಲ್ಲಿದ್ದಾಗ ಈ ಮನೆಯ ಹಾಗೆಯೇ ಇಡುತ್ತಿದ್ದ.

"ಬರ್ತಾಳೆ, ಬರದೆ ಏನು. ಬಂದು ಇದಕ್ಕೂ ಹುಳಿ ಹಿಂಡ್ತಾಳೆ" ಎಂದು ಅಜ್ಜಿ ಒಲೆಯ ಕಡೆ ತಿರುಗಿದಳು. ಕುಕ್ಕರಿನ ಸೀಟಿ ತೆಗೆದಳು, ರಬ್ಬರು ಬಿಚ್ಚಿದಳು, ತಳಕ್ಕೆ ಉಪ್ಪು ಹರಡಿ ಕಾಯಲಿಟ್ಟಳು.

ತಿರುಗಿ ನೋಡಿದರೆ ಬಟ್ಟಲಿನಲ್ಲಿದ್ದ ಬೆಚ್ಚಗಿನ ಹಾಲು ಒಡೆದು ಗಂಟುಗಂಟಾಗಿ ತೇಲುತ್ತಿತ್ತು. ಗುಂಡ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಮೊಣಕೈಯಿಂದ ನಿಂಬೆರಸ ತೊಟ್ಟಿಕ್ಕುತ್ತಿತ್ತು. ಪಾನಕಕ್ಕೆಂದು ಅವಳು ಕೊಯ್ದಿಟ್ಟಿದ್ದ ನಿಂಬೆಹಣ್ಣಿನ ಎರಡು ಹೋಳೂ ಹಿಪ್ಪೆಯಾಗಿ ಬಿದ್ದಿದ್ದವು.

ಆಗ ಅಜ್ಜಿ ಬೈದ ಬೈಗುಳವನ್ನು ಅಳತೆ ಹಿಡಿದಿದ್ದರೆ ಮೂರು ಪರದೆಗೆ ಆಗಿ ಮಿಗುತ್ತಿತ್ತು. ಕೋತಿ ಎಂದಳು, ಕತ್ತೆ ಎಂದಳು, ಹುಟ್ಟಾ ಕಪಿ ಎಂದಳು, ನಿನಗೆ ಕೈ ಕೊಟ್ಟ ದೇವರು ಅದಕ್ಕೊಂದು ಬೀಗವನ್ನೂ ಕೊಡಬೇಕಿತ್ತು ಎಂದಳು. ಯಾಕೆ ಹಿಂಡಿದೆ ಎಂದು ಮಾತ್ರ ಕೇಳಲಿಲ್ಲ. ಬೈಯುವವರಿಗೆ ಕೇಳುವ ಪುರುಸೊತ್ತು ಇರುವುದಿಲ್ಲ. ಗುಂಡನೂ ಅಳಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಬೈಗುಳದಲ್ಲೇ ಬೆಳೆದ ಹುಡುಗ, ಅದು ಫ್ಯಾನಿನ ಸದ್ದಿನ ಹಾಗೆ ಇರಬೇಕಾದದ್ದೇ ಎಂದುಕೊಂಡು ಬಟ್ಟಲನ್ನೇ ನೋಡುತ್ತಿದ್ದ.

ಮನೆಯಲ್ಲಿ ಬೇರೆ ಹಾಲಿರಲಿಲ್ಲ. ಅವರು ಬರುವ ಹೊತ್ತೂ ಹತ್ತಿರವಾಗಿತ್ತು. "ಹಾಳಾಗಲಿ, ಹಾಕು. ಇದೇನು ಫೋಟೋಕ್ಕಲ್ಲ" ಎಂದು ಅಜ್ಜಿ ಒಡೆದ ಹಾಲನ್ನೇ ಹಿಟ್ಟಿಗೆ ಸುರಿದು, ಅಡುಗೆ ಸೋಡಾ ಉದುರಿಸಿದಳು. ಬಟ್ಟಲು ಬುಸ್ ಎಂದು ನೊರೆಯೆದ್ದಿತು. ಮಕ್ಕಳು ಕೇಕೆ ಹಾಕಿ ಕುಣಿದವು. ಅಜ್ಜಿ ಕಲಸುವಷ್ಟೂ ಹೊತ್ತು, ಪಾತ್ರೆಗೆ ಹುಯ್ಯುವಷ್ಟೂ ಹೊತ್ತು ಬೈಯುತ್ತಲೇ ಇದ್ದಳು.

ಮೂವರೂ ಒಲೆಯ ಮುಂದೆ ನೆಲದ ಮೇಲೆ ಕೂತರು. "ಉಬ್ತಾ?" ಎಂದು ಗುಂಡ ಉಸಿರಿಗೊಮ್ಮೆ ಕೇಳಿದ. ಸುಮಾರು ಹೊತ್ತಿನ ಮೇಲೆ ಅಜ್ಜಿ ಮುಚ್ಚಳ ತೆಗೆದು, ಗೋಣಿ ಹೊಲಿಯುವ ದಬ್ಬಳವನ್ನು ತೊಳೆದು ಕೇಕಿನ ನಡುವೆ ಚುಚ್ಚಿದಳು. ದಬ್ಬಳ ಒಣಗಿಯೇ ಹೊರಬಂತು. ಕೇಕು ಪಾತ್ರೆಯ ಅಂಚು ಮೀರಿ ಎದ್ದು ನಿಂತಿತ್ತು. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ, ನಡುನೆತ್ತಿಯಲ್ಲಿ ಬಿರುಕು. ಇಂಥ ಅಂಗಿ ಹೊಲಿದಿದ್ದರೆ ಅಜ್ಜಿ ಬಿಚ್ಚಿ ಬಿಸಾಡುತ್ತಿದ್ದಳು. ಈಗ ಅದನ್ನು ನೋಡಿ ಕೇಕಿಗಿಂತ ಹೆಚ್ಚು ಉಬ್ಬಿದಳು.

ಸಂಜೆ ಮಗಳೂ ಅತ್ತೆಯೂ ಬಂದರು. ಅತ್ತೆ ತೆಳ್ಳಗೆ ಎತ್ತರಕ್ಕಿದ್ದಳು, ಬೇರೆಯವರ ಮನೆಯಲ್ಲಿ ಕುರ್ಚಿಯ ತುದಿಯಲ್ಲೇ ಕೂರುವವಳು. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಕೇಕು, ಎಲ್ಲ ತುಂಡೂ ಒಂದೇ ಸಮ.

"ಮಕ್ಕಳಿಗೆ ಇಷ್ಟ ಅಂತ. ಮನೇಲೇ ಮಾಡ್ದೆ" ಎಂದಳು. ಹೇಳುವಾಗ ಮಕ್ಕಳ ಕಡೆ ನೋಡಲಿಲ್ಲ.

ಲಾಯರಮ್ಮ ಗುಂಡನನ್ನು ನೋಡಿದಳು. ಅಜ್ಜಿ ಆ ತುಂಡುಗಳ ಅಂಚನ್ನು ನೋಡಿದಳು. ಕೈಯಲ್ಲಿ ಹಿಡಿದ ಚಾಕು ಅಷ್ಟು ನೇರ ಹೋಗುವುದಿಲ್ಲ ಎಂದು ಕತ್ತರಿ ಹಿಡಿಯುವವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅಯ್ಯೋ, ನಿಮಗ್ಯಾಕೆ ಅಷ್ಟು ಶ್ರಮ" ಎಂದು ಅವಳು ಜೇನು ಸುರಿಸಿದಳು. "ಮಕ್ಕಳೂ ನಾನೂ ಸೇರ್ಕೊಂಡು ಇಲ್ಲೂ ಒಂಚೂರು ಮಾಡಿದ್ವಿ. ನಮ್ಮದು ನೋಡೋಕೆ ಚೆನ್ನಾಗಿಲ್ಲ. ಮನೇಲಿ ಮಾಡಿದ್ದು ನೋಡಿ."

ಮಗಳು ಸೊಟ್ಟ ಕೇಕನ್ನು ನೋಡಿದಳು, ಮೊಣಕೈಯವರೆಗೆ ಹಿಟ್ಟು ಹತ್ತಿದ್ದ ಮಕ್ಕಳನ್ನು ನೋಡಿದಳು. ದಣಿದ ಮುಖ ಸಡಿಲವಾಯಿತು. "ಅಂಗಡಿ ಮುಚ್ಚಿದ್ಯಾ ಅಮ್ಮ ಇದಕ್ಕೋಸ್ಕರ?" ಎಂದಳು. ಅಜ್ಜಿ ಅದನ್ನು ಗೆದ್ದ ಹಾಗೆಯೇ ಎಂದು ಎಣಿಸಿದಳು. ಡಬ್ಬದ ಮಾತು ಬೇಕಾಗುವುದೇ ಇಲ್ಲವೇನೋ, ಇದ್ದರೆ ಇರಲಿ ಎಂದುಕೊಂಡಳು.

ಅತ್ತೆ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಅವಳ ಮುಖದಲ್ಲಿ ನಾಟಕವಿರಲಿಲ್ಲ.

"ಎಷ್ಟು ಮೆತ್ತಗೆ ಬಂದಿದೆ. ಇದಕ್ಕೆ ಏನು ಹಾಕಿದ್ರಿ ಅಮ್ಮ?"

"ಹಾಕೋದೇನು. ಕೈಗುಣ ಅಷ್ಟೆ."

"ನಾನು ಹುಳಿ ಹಿಂಡ್ದೆ" ಎಂದ ಗುಂಡ.

"ಹೌದಾ ಕಂದ? ಯಾರು ಹೇಳ್ಕೊಟ್ರು?"

"ಅಜ್ಜಿ. ಅವಳು ಬಂದ್ರೆ ಎಲ್ಲದಕ್ಕೂ ಹುಳಿ ಹಿಂಡ್ತಾಳೆ ಅಂತ ಅಜ್ಜಿ ದಿನಾ ಹೇಳ್ತಾಳೆ. ಅವಳು ಅಂದ್ರೆ ನೀವು." ಗುಂಡ ಸ್ಪಷ್ಟವಾಗಿ ವಿವರಿಸಿದ. "ನಿಮಗೆ ಕೆಲಸ ಆಗದೆ ಇರ್ಲಿ ಅಂತ ನಾನೇ ಮೊದ್ಲೇ ಹಿಂಡಿಟ್ಟೆ."

ಇಷ್ಟು ಹೇಳಿ ಅವನು ಎಲ್ಲರ ಮುಖವನ್ನೂ ನೋಡಿದ, ಶಹಬ್ಬಾಸ್ ಎನ್ನಲಿ ಎಂದು. ಯಾರೂ ಎನ್ನಲಿಲ್ಲ. ಅತ್ತೆಯ ಕೈ ತಟ್ಟೆಯ ಮೇಲೇ ನಿಂತಿತ್ತು. ಕತ್ತಿನಿಂದ ಕಿವಿಯವರೆಗೆ ಅವಳು ಕೆಂಪಾಗಿದ್ದಳು.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಅಜ್ಜಿಯ ಬಣ್ಣ ಅವಳು ಬಾಯಿ ಬಿಡದೆಯೇ ಬಯಲಾಗಿತ್ತು.

"ಅಮ್ಮ" ಎಂದಳು ಮಗಳು. ತಟ್ಟೆಯನ್ನು ಕೆಳಗಿಟ್ಟಳು. ಧ್ವನಿ ಏರಿರಲಿಲ್ಲ, ಅದೇ ಕೆಟ್ಟದಾಗಿತ್ತು. "ದಿನಾ ಮಕ್ಕಳ ಮುಂದೆ ಇದೇನಾ ಮಾತಾಡೋದು? ಅವರ ಅಪ್ಪನ ಅಕ್ಕ ಇವರು, ಅಮ್ಮ. ಇವುಗಳ ತಲೇಲಿ ಇನ್ನೂ ಏನೇನು ತುಂಬಿದ್ದೀಯೋ. ಬರೋ ತಿಂಗಳಿಂದ ಅತ್ತಿಗೆ ಮನೇಲೇ ಇರ್ಲಿ. ಯೋಚನೆ ಮಾಡೋಕೆ ನೀನೇ ಏನೂ ಉಳಿಸಲಿಲ್ಲ."

ಅಜ್ಜಿಗೆ ಮಾತಿಗೆ ಮಾತು ಕೊಡುವುದು ಹೊಸದಲ್ಲ. ಮಡಚಿಟ್ಟುಕೊಂಡ ಮಾತು ನಾಲಿಗೆಯ ತುದಿಗೇ ಬಂದು ನಿಂತಿತು. ನಿಮ್ಮತ್ತಿಗೆಯ ಕೇಕು ಯಾವ ಬೇಕರಿಯದು ಕೇಳು, ಮಕ್ಕಳಿಗೆ ಸುಳ್ಳು ಹೇಳಿಸುವವರು ಯಾರು ಕೇಳು. ಅಷ್ಟೇ ಸಾಕಿತ್ತು. ಸುಳ್ಳು ಎಂದರೆ ಮಗಳಿಗೆ ಆಗುವುದಿಲ್ಲ. ಎದುರಿಗೆ ಅತ್ತೆ ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕದಲ್ಲಿ ಗುಂಡ, ಅವನ ಎದೆಯ ಮೇಲೆ ಆ ಸೊಟ್ಟ ಜೇಬು, ಮೂರು ಸಲ ಬಿಚ್ಚಿದ ತೂತುಗಳು.

ಆಗಲೇ ಲಾಯರಮ್ಮ ಎದ್ದು ನಿಂತಳು. ಅಜ್ಜಿಯನ್ನು ಅಂದವರನ್ನು ಸುಮ್ಮನೆ ಬಿಡುವವಳಲ್ಲ ಅವಳು.

"ಅಮ್ಮ, ಅಜ್ಜಿ ಒಬ್ಬಳನ್ನೇ ಯಾಕೆ ಬೈತೀಯ? ಅತ್ತೇದೂ ತಪ್ಪಿದೆ. ಅತ್ತೆ ತಂದಿರೋ ಕೇಕು ಇದೆಯಲ್ಲ, ಅದು..."

ಅಜ್ಜಿ ಕೈಗೆ ಸಿಕ್ಕಿದ ದೊಡ್ಡ ತುಂಡನ್ನು ಎತ್ತಿ ಹುಡುಗಿಯ ಬಾಯಿಗೆ ತುರುಕಿದಳು.

"ತಿನ್ನು. ದೊಡ್ಡೋರು ಮಾತಾಡುವಾಗ ಬಾಯಿ ಹಾಕಬಾರದು."

ಹುಡುಗಿಯ ಕೆನ್ನೆ ಎರಡೂ ಕಡೆ ಉಬ್ಬಿದವು, ಕಣ್ಣು ಅಗಲವಾದವು. ಅಜ್ಜಿಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿ ಬಂದಿತ್ತು ಎಂದು ಯಾರೂ ತಿಳಿಯಬೇಕಾಗಿಲ್ಲ. ಮಕ್ಕಳು ಹೇಗೂ ಆ ಮನೆಗೆ ಹೋಗುವುದಾಯಿತು. ಹೇಳಬೇಡವೆಂದ ಗುಟ್ಟನ್ನು ಆಡಿದ ಹುಡುಗಿ ಎನ್ನಿಸಿಕೊಂಡು ಲಾಯರಮ್ಮ ಅಲ್ಲಿ ಹೇಗೆ ಇದ್ದಾಳು? ಅದೂ ಅಲ್ಲದೆ ಹುಡುಗಿ ಆ ಗುಟ್ಟನ್ನು ಹೇಳಿದ್ದು ಯಾರಿಗೋ ಅಲ್ಲ, ತನಗೆ. ಹುಟ್ಟಿದಾಗಿನಿಂದ ಅಜ್ಜಿ ಒಂದು ಮಾತನ್ನೂ ನುಂಗಿದವಳಲ್ಲ, ಈ ಒಂದನ್ನು ನುಂಗಿದಳು. ಅದು ಗಂಟಲಲ್ಲಿ ನಿಂಬೆಬೀಜದ ಹಾಗೆ ಸಿಕ್ಕಿಕೊಂಡಿತು.

ಮಗಳಿಗೆ ಕಂಡದ್ದು ಮಾತ್ರ ಮೊಮ್ಮಗಳ ಬಾಯಿಗೆ ಒರಟಾಗಿ ಕೇಕು ತುರುಕಿದ ಮುದುಕಿ. "ನೋಡಿದ್ರಾ ಅತ್ತಿಗೆ" ಎಂದು ಅವಳು ಎದ್ದು ಒಳಗೆ ಹೋದಳು.

ಅತ್ತೆ ನೋಡಿದ್ದಳು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತ, ತಲೆ ಎತ್ತದೆ ಕೇಳಿದಳು.

"ಮಗು ಬಾಯಿಗೆ ಯಾಕೆ ಕೇಕು ತುರುಕಿದ್ರಿ ಅಮ್ಮ?"

"ಅದಕ್ಕೆ ಹಸಿವಾಗಿತ್ತು" ಎಂದಳು ಅಜ್ಜಿ. "ಆ ಏಪ್ರನ್ನುಗಳು ಇಲ್ಲೇ ಇರಲಿ. ಜೇಬು ಸರಿ ಮಾಡಿಕೊಡ್ತೀನಿ. ನೋಡೋಕಾಗಲ್ಲ" ಎಂದಳು.

ಅತ್ತೆ ಮೆಟ್ಟಿಲಿಳಿದು ಹೋದಳು.

ತಿಂಗಳು ಹುಟ್ಟಿತು, ಮಕ್ಕಳು ಹೋದವು. ಆ ವಾರ ಅಳತೆ ಕೊಡಲು ಬಂದವರ ಪಾಡು ಹೇಳತೀರದು. ಒಬ್ಬನ ಭುಜ ಅವಳಿಗೆ ಹ್ಯಾಂಗರಿನ ಹಾಗೆ ಕಂಡಿತು, ಇನ್ನೊಬ್ಬಳಿಗೆ ಈ ಬಣ್ಣ ತೊಡುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದಳು. ಗಿರಾಕಿಗಳು ಹೋದ ಮೇಲೆ ಮೇಜಿನ ಕೆಳಗೆ ಬಗ್ಗಿ ನೋಡುವಳು. ದಾರದುಂಡೆಗಳು ಪೇರಿಸಿದ ಹಾಗೇ ಇದ್ದವು. ಗುಡಿಸುವಾಗ ಪೊರಕೆ ತಾಗದಂತೆ ಅವುಗಳ ಸುತ್ತ ಗುಡಿಸುತ್ತಿದ್ದಳು. ಮಗಳು ಬೆಳಗಿನ ಜಾವ ಹೋಗಿ ಮಧ್ಯಾಹ್ನ ಬಂದು ಮಲಗುವಳು. ಇಬ್ಬರ ನಡುವೆ ಅನ್ನ, ನೀರು, ಬಾಗಿಲು ಎಂಬಷ್ಟೇ ಮಾತು ಉಳಿದಿತ್ತು.

ಗುರುವಾರ ಸಂಜೆ ಫೋನು ಬಂತು. ಫೋಟೋದಮ್ಮ.

"ಅಮ್ಮ, ಒಂದು ಕೇಳ್ಬೇಕಿತ್ತು." ಅತ್ತೆಯ ಧ್ವನಿ ಗಡಿಬಿಡಿಯಲ್ಲಿತ್ತು. ಹಿಂದೆ ಪಾತ್ರೆಯ ಸದ್ದು. "ಹುಳಿ ಎಷ್ಟು ಹಿಂಡಬೇಕು?"

ಅಜ್ಜಿ ಆ ಮಾತಿಗೆ ಕೊಡಬಹುದಾದ ಉತ್ತರಗಳು ಐದಾರು ಇದ್ದವು, ಒಂದಕ್ಕಿಂತ ಒಂದು ಚುರುಕು. ಅವಳು ಯಾವುದನ್ನೂ ಕೊಡಲಿಲ್ಲ.

"ನನಗೆ ಗೊತ್ತಿಲ್ಲ. ಹಿಂಡಿದ್ದು ನಾನಲ್ಲ. ಅವನನ್ನೇ ಕೇಳಿ."

"ಕೇಳಿದೆ. ಹಿಂಡಲ್ಲ ಅಂತ ಹಟ ಹಿಡಿದು ಕೂತಿದ್ದಾನೆ." ಅತ್ತೆ ಒಂದು ಉಸಿರು ತೆಗೆದುಕೊಂಡಳು. "ಅಜ್ಜಿ ಬೈದ್ರೇನೇ ಕೇಕು ಉಬ್ಬೋದಂತೆ. ನಿಂಬೆಹಣ್ಣು, ಸೋಡಾ, ಆಮೇಲೆ ಬೈಗುಳ. ಅದಿಲ್ಲದೆ ಆಗಲ್ಲವಂತೆ. ನಾನೇ ಬೈದು ನೋಡಿದೆ, ನಿಮಗೆ ಬರಲ್ಲ ಅಂತಾನೆ. ಸ್ಪೀಕರ್ ಹಾಕ್ತೀನಿ. ಒಂದೆರಡು ಮಾತು ಬೈರಿ ಅಮ್ಮ."

ಅಜ್ಜಿ ಕೈಯಲ್ಲಿದ್ದ ಹಳದಿ ಏಪ್ರನ್ನನ್ನು ಮಷೀನಿನ ಮೇಲಿಟ್ಟಳು. ಜೇಬನ್ನು ಬಿಚ್ಚಿರಲಿಲ್ಲ. ನಾಲ್ಕು ದಿನದಿಂದ ಬಿಚ್ಚುತ್ತೇನೆಂದು ಎತ್ತಿಕೊಂಡು, ಸೊಟ್ಟಗಿರುವುದನ್ನು ಹಾಗೇ ಇಟ್ಟು, ಅದರ ಮೇಲೇ ಗಟ್ಟಿಯಾಗಿ ಇನ್ನೊಂದು ಹೊಲಿಗೆ ಹಾಕಿದ್ದಳು. ಫೋನಿನ ಆಚೆ ಸ್ಟೂಲು ಎಳೆಯುವ ಸದ್ದು ಕೇಳಿಸಿತು. ಆಮೇಲೆ ಗುಂಡನ ಧ್ವನಿ, ಫೋನಿಗಲ್ಲ, ಪಕ್ಕದಲ್ಲಿದ್ದವಳಿಗೆ. "ಅತ್ತೆ, ನೀನು ಬಟ್ಟಲು ಹಿಡ್ಕೋ. ನಾನು ಹಿಂಡ್ತೀನಿ."

ನೀನು ಎಂದ. ಅಜ್ಜಿಗೆ ಸೂಜಿ ಬೆರಳಿಗೆ ಚುಚ್ಚಿದ ಹಾಗಾಯಿತು. ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟು ಚೀಪಿ ಮತ್ತೆ ಹೊಲಿಯುವುದು ಅವಳಿಗೆ ಹೊಸದಲ್ಲ. ಬಾಯಿ ತೆರೆದಳು. ಬೈಗುಳಕ್ಕೆ ಬರಗಾಲ ಬಂದದ್ದು ಅವಳ ಜೀವಮಾನದಲ್ಲಿ ಇದೇ ಮೊದಲು.

"ಅಜ್ಜಿ, ಬೈ" ಎಂದು ಲಾಯರಮ್ಮ ದೂರದಿಂದ ಕೂಗಿದಳು.

"ಏಯ್ ಕೋತಿ" ಎಂದಳು ಅಜ್ಜಿ ಕೊನೆಗೆ. ಒಮ್ಮೆ ಶುರುವಾದ ಮೇಲೆ ಸಲೀಸಾಯಿತು. "ಹುಟ್ಟಾ ಕಪಿ, ಬೀಜ ಎಲ್ಲಾ ಹಾಲಿಗೆ ಬೀಳಿಸ್ತಾ ಇದ್ದೀಯಲ್ಲೋ. ಮೊದಲು ಬೀಜ ತೆಗೆ."

ಆಚೆ ಎಲ್ಲ ಸದ್ದೂ ನಿಂತಿತು. "ಅಜ್ಜಿಗೆ ಕಾಣಿಸ್ತಿದೆ" ಎಂದು ಗುಂಡ ಪಿಸುಗುಟ್ಟಿದ್ದು ಕೇಳಿತು.

"ಮತ್ತೆ ನೀನು" ಎಂದಳು ಅಜ್ಜಿ. ಈ ಸಲ ಹೇಳಿದ್ದು ಅತ್ತೆಗೆ. "ಬಟ್ಟಲು ಹಿಡ್ಕೊಂಡು ಏನು ನಿಂತಿದ್ದೀಯ ಬೊಂಬೆ ಹಾಗೆ? ಸೋಡಾ ಹಾಕೇ."